ಹದಿನೈದು ನಿಮಿಷದಲ್ಲಿ ಇಳಿದ ಆರು ಟನ್ ಆಲೂಗಡ್ಡೆ

ಸೇನೆಯ ಯಾವ ಸಪ್ಲೈ ಡಿಪೋಗೆ ಆಡಿಟ್‌ಗೆ ಹೋದರೂ ನಾನು ಮೊದಲು ಕೇಳುತ್ತಿದ್ದದ್ದು ಗೇಟ್ ರಿಜಿಸ್ಟರ್. ಲೆಡ್ಜರ್ ಆಮೇಲೆ. ಈ ಅಭ್ಯಾಸ ಬಿದ್ದದ್ದು ಉತ್ತರ ಭಾರತದ ಒಂದು ಕಂಟೋನ್ಮೆಂಟಿನಲ್ಲಿ. ಇಲಾಖೆಯ ಎಸ್‌ಎಎಸ್ ಪರೀಕ್ಷೆ ಪಾಸಾಗಿ, ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿಯ (ಮಹಾಲೆಕ್ಕಪರಿಶೋಧಕರ) ರಕ್ಷಣಾ ಆಡಿಟ್‌ಗೆ ಬಂದು ಆಗ ನನಗಿನ್ನೂ ಎರಡನೇ ವರ್ಷ.

ಸೇನೆಯ ಹಣಕ್ಕೆ ಎರಡು ಕಾವಲುಗಳಿವೆ. ಸಿಡಿಎ (ರಕ್ಷಣಾ ಲೆಕ್ಕ ನಿಯಂತ್ರಕರ) ಕಚೇರಿ ಬಿಲ್ಲು ಪಾಸು ಮಾಡುತ್ತದೆ, ಒಳಗಿನ ಆಡಿಟ್ಟನ್ನೂ ಮಾಡುತ್ತದೆ. ಅದು ರಕ್ಷಣಾ ಸಚಿವಾಲಯದ್ದೇ ಅಂಗ. ನಾವು ಹೊರಗಿನವರು. ಸಿಎಜಿ ಹುದ್ದೆ ಸಂವಿಧಾನದ 148ನೇ ವಿಧಿಯಿಂದ ಬಂದದ್ದು. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವ ಕ್ರಮದಲ್ಲಲ್ಲದೆ ಆ ಹುದ್ದೆಯಲ್ಲಿರುವವರನ್ನು ಯಾರೂ ತೆಗೆಯಲಾಗದು. ಕರ್ನಲ್ ಸಾಹೇಬರ ಎದುರು ಕೂತು ಕಾಗದ ಕೊಡಿ ಎಂದು ಕೇಳುವ ಇಪ್ಪತ್ತೇಳರ ಹುಡುಗನ ಬೆನ್ನಿಗೆ ಇದ್ದದ್ದು ಅಷ್ಟೇ, ಆದರೆ ಅದು ಸಾಕಾಗುತ್ತಿತ್ತು.

ಆ ಡಿಪೋದ ಲೆಡ್ಜರ್ ಕೈಯಲ್ಲಿ ಹಿಡಿದರೆ ಸಂತೋಷವಾಗುವಂತಿತ್ತು. ಒಂದು ಗೀಚಿಲ್ಲ, ಒಂದು ತಿದ್ದಿಲ್ಲ. ಗುತ್ತಿಗೆದಾರ ತಂದ ತರಕಾರಿ, ಯೂನಿಟ್‌ಗಳಿಗೆ ಹೋದ ತರಕಾರಿ, ಉಳಿದದ್ದು, ಎಲ್ಲವೂ ಕಿಲೋಗೆ ಕಿಲೋ ತಾಳೆ. ಮೂರು ದಿನ ಕೂತೆ, ಏನೂ ಸಿಗಲಿಲ್ಲ. ನಾಲ್ಕನೇ ದಿನ ಅಡುಗೆಮನೆಯ ಕಡೆ ಹೋದಾಗ ಬೆಳಗಾವಿ ಕಡೆಯ ಹವಾಲ್ದಾರರೊಬ್ಬರು ನನ್ನ ಹಿಂದಿ ಕೇಳಿಯೇ ಗುರುತು ಹಿಡಿದರು. "ನಮ್ ಕಡೆಯವ್ರೇನ್ರಿ ಸರ?" ಅಂದರು. ಚಹಾ ಕೊಟ್ಟು, ಹೋಗುವಾಗ ಮೆಲ್ಲಗೆ ಒಂದು ಮಾತು ಹೇಳಿದರು: "ಚೀಲ ಎಣಿಸಬ್ಯಾಡ್ರಿ. ತೂಗಿಸ್ರಿ."

ಅವರ ಮಾತನ್ನು ನಾನು ಎಲ್ಲೂ ಬರೆಯಲಿಲ್ಲ, ನಮ್ಮ ತಂಡದವರಿಗೂ ಹೇಳಲಿಲ್ಲ. ಆಡಿಟ್ ಹೋಗಿಬಿಡುತ್ತದೆ, ಅವರು ಅಲ್ಲೇ ಇರಬೇಕು. ದೋಷ ಇದ್ದರೆ ಅದು ಕಚೇರಿಯದೇ ಕಾಗದದಲ್ಲಿ ಸಿಗಬೇಕು, ಒಬ್ಬ ಜವಾನನ ಬಾಯಿಂದ ಹೊರಡಬಾರದು.

ಗೇಟ್ ರಿಜಿಸ್ಟರ್ ತರಿಸಿದೆ. ಎಣ್ಣೆ ಕಲೆಯಾಗಿ ಅಂಚು ಸುಕ್ಕುಗಟ್ಟಿದ ಪುಸ್ತಕ. ಯಾವ ಆಡಿಟರೂ ಅದನ್ನು ಕೇಳಿರಲಿಲ್ಲವಂತೆ. ಲಾರಿ ಒಳಗೆ ಬಂದದ್ದು 7:40, ಹೊರಗೆ ಹೋದದ್ದು 7:55. ಅದೇ ದಿನ ಲೆಡ್ಜರಿನಲ್ಲಿ 6 ಟನ್ ಆಲೂಗಡ್ಡೆ ಜಮಾ. 50 ಕಿಲೋದ ಚೀಲವೆಂದರೆ 120 ಚೀಲ. ಇಳಿಸುವ ಕೂಲಿಗಳು ನಾಲ್ಕು ಜನ. ನಿಮಿಷಕ್ಕೆ ಎಂಟು ಚೀಲ ತೂಗಿ, ಇಳಿಸಿ, ಗೋದಾಮಿನಲ್ಲಿ ಜೋಡಿಸಿದರೇ?

ಮರುದಿನ ಬೆಳಿಗ್ಗೆ ಆರೂವರೆಗೇ ಹೋಗಿ ತೂಕದ ಯಂತ್ರದ ಪಕ್ಕ ನಿಂತೆ. ಮಂಜು, ಕೈ ಮರಗಟ್ಟುವ ಚಳಿ. ನಾನು ನಿಂತದ್ದರಿಂದಲೋ ಏನೋ ಅಂದು ಪ್ರತಿ ಚೀಲವನ್ನೂ ತೂಗಿದರು. ಇಳಿಸಿ ಮುಗಿಸಲು ಒಂದು ಗಂಟೆ 25 ನಿಮಿಷ ಹಿಡಿಯಿತು. ಆಮೇಲೆ ಮೂರು ತಿಂಗಳ ಪುಟ ತಿರುವಿ 20 ನಿಮಿಷದೊಳಗೆ ಹೊರಬಿದ್ದ ಲಾರಿಗಳನ್ನು ಎಣಿಸಿದೆ. 41 ಇದ್ದವು.

ನಮ್ಮಲ್ಲಿ ಹಾಫ್ ಮಾರ್ಜಿನ್ ಎನ್ನುತ್ತೇವೆ. ಹಾಳೆಯನ್ನು ಉದ್ದಕ್ಕೆ ಮಡಿಸಿ ಒಂದು ಅರ್ಧದಲ್ಲಿ ನಮ್ಮ ಪ್ರಶ್ನೆ. ಇನ್ನೊಂದು ಅರ್ಧ ಅವರ ಉತ್ತರಕ್ಕೆ ಖಾಲಿ. ನಾನು "ಕಳ್ಳತನ" ಎಂಬ ಪದ ಬರೆಯಲಿಲ್ಲ. 41 ದಿನಾಂಕ, ಬಂದ ಸಮಯ, ಹೋದ ಸಮಯ, ತೂಕ ಬರೆದು, ಇಳಿಸಿದ ಬಗೆ ತಿಳಿಸಿ ಎಂದೆ. ಸೆಂಟ್ರಿ ಸಮಯ ಬರೆಯುವಾಗ ತಪ್ಪಿದ್ದಾನೆ ಎಂದು ಉತ್ತರ ಬಂತು. ಆಗ ಯೂನಿಟ್‌ಗಳ ದೂರಿನ ಪುಸ್ತಕ ಕೇಳಿದೆ. "ತೂಕ ಕಡಿಮೆ" ಎಂಬ ದೂರುಗಳು ಹೆಚ್ಚಾಗಿ ಅದೇ ದಿನಾಂಕಗಳಲ್ಲಿದ್ದವು. ಅಲ್ಲಿಗೆ ಸೆಂಟ್ರಿಯ ಮೇಲೆ ಹಾಕಿದ ತಪ್ಪು ನಿಲ್ಲಲಿಲ್ಲ. ಸೇನೆಯೊಳಗಿನ ತನಿಖೆ, ಅಂದರೆ ಕೋರ್ಟ್ ಆಫ್ ಎಂಕ್ವೈರಿ ಆಯಿತು, ಗುತ್ತಿಗೆದಾರನಿಂದ ವಸೂಲಿಯೂ ಆಯಿತು. ನಮ್ಮ ಆಕ್ಷೇಪ, ನಮ್ಮ ಮಾತಿನಲ್ಲಿ ಪ್ಯಾರಾ, ಸೆಟಲ್ ಆಗಲು ಮಾತ್ರ ನಾಲ್ಕು ವರ್ಷ ಹಿಡಿಯಿತು.

"ಇದು ಸೀಕ್ರೆಟ್, ತೋರಿಸಲಾಗದು" ಎನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಅದಕ್ಕೆ ಜಗಳವಾಡಿ ಫಲವಿಲ್ಲ. 1971ರ ಸಿಎಜಿ ಕಾಯ್ದೆಯ 18ನೇ ಸೆಕ್ಷನ್ ಯಾವ ಲೆಕ್ಕಪತ್ರವನ್ನಾದರೂ ತರಿಸಿಕೊಳ್ಳುವ ಅಧಿಕಾರ ಕೊಡುತ್ತದೆ. ನಾನು ಅದನ್ನು ಉಲ್ಲೇಖಿಸಿ, ಕೊಡಲಾಗದಿದ್ದರೆ ಲಿಖಿತದಲ್ಲಿ ತಿಳಿಸಿ ಎನ್ನುತ್ತಿದ್ದೆ. ಸಹಿ ಹಾಕಿ ಇಲ್ಲ ಎನ್ನಲು ಯಾರಿಗೂ ಮನಸ್ಸಿರುತ್ತಿರಲಿಲ್ಲ, ಫೈಲು ಬರುತ್ತಿತ್ತು. ಅದನ್ನು ಅವರ ಕೋಣೆಯಲ್ಲೇ ಓದಿ, ಟಿಪ್ಪಣಿಯ ಪುಸ್ತಕವನ್ನು ಅವರ ಬೀರುವಿನಲ್ಲೇ ಇಟ್ಟು ಬರುತ್ತಿದ್ದೆ. ಅವರ ಗೋಪ್ಯವನ್ನು ನಾವು ಕಾಯುತ್ತೇವೆ ಎಂದು ನಂಬಿಕೆ ಬಂದರೆ ಮುಂದಿನ ಫೈಲು ಕೇಳದೆಯೇ ಬರುತ್ತದೆ.

ನಿವೃತ್ತನಾದ ಮೇಲೆ, 2020ರ ಫೆಬ್ರುವರಿಯಲ್ಲಿ, ಸಿಯಾಚಿನ್ ಮತ್ತು ಲಡಾಖಿನ ಎತ್ತರದ ಠಾಣೆಗಳ ಬಗ್ಗೆ ಸಿಎಜಿ ವರದಿ ಸಂಸತ್ತಿಗೆ ಬಂತು. ಪತ್ರಿಕೆಯಲ್ಲಿ ಓದುತ್ತ ಆ ಡಿಪೋ ಕಣ್ಣ ಮುಂದೆ ಬಂತು. ಹಿಮದ ಕನ್ನಡಕಗಳ ಕೊರತೆ ಶೇ. 62ರಿಂದ 98. 2015ರ ನವೆಂಬರಿನಿಂದ 2016ರ ಸೆಪ್ಟೆಂಬರಿನವರೆಗೆ ಹೊಸ ಬೂಟುಗಳಿಲ್ಲ. ಇದ್ದವನ್ನೇ ಮತ್ತೆ ಮತ್ತೆ ಬಳಸಿದ್ದರು. ನನ್ನನ್ನು ಹೆಚ್ಚು ತಟ್ಟಿದ್ದು ಊಟದ ಭಾಗ. ವಿಶೇಷ ಪಡಿತರದಲ್ಲಿ ಒಂದು ಪದಾರ್ಥದ ಬದಲು ಇನ್ನೊಂದು ಕೊಡುವಾಗ ಬೆಲೆಗೆ ಬೆಲೆ ಸರಿದೂಗಿಸಿದ್ದರು. ಬದಲಿಗೆ ಬಂದ ಪದಾರ್ಥ ದುಬಾರಿಯಾದರೆ ಜವಾನನ ತಟ್ಟೆಗೆ ಬೀಳುವ ಪ್ರಮಾಣ ಇಳಿಯುತ್ತದೆ. ಹೀಗೆ ಕ್ಯಾಲರಿ ಶೇ. 82ರವರೆಗೆ ಕಡಿಮೆಯಾಗಿತ್ತು. ಇಲ್ಲಿ ಯಾರೂ ಕದ್ದಿರಲಿಲ್ಲ. ರೂಪಾಯಿಯಲ್ಲಿ ನೋಡಿದ್ದರೆ ಈ ಲೆಕ್ಕ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಯಾರೋ ನಮ್ಮ ಹುಡುಗರು ಕೂತು ಕ್ಯಾಲರಿಯಲ್ಲಿ ಗುಣಿಸಿ ನೋಡಿದ್ದಾರೆ. ಅವರು ಯಾರೆಂದು ನನಗೆ ಗೊತ್ತಿಲ್ಲ, ಆದರೂ ಅಂದು ತುಂಬ ಹೆಮ್ಮೆಯಾಯಿತು.

2015ರಲ್ಲಿ ಬಂದ ಮದ್ದುಗುಂಡಿನ ವರದಿ 170 ಬಗೆಗಳಲ್ಲಿ 125ರ ದಾಸ್ತಾನು 20 ದಿನದ ಯುದ್ಧಕ್ಕೂ ಸಾಲದು ಎಂದಿತ್ತು. ಅದನ್ನು ಯಾರು ಬೇಕಾದರೂ ಜಾಲತಾಣದಲ್ಲಿ ಓದಬಹುದಿತ್ತು. ಮುಂದೆ ರಕ್ಷಣಾ ವರದಿಗಳನ್ನು ಸಂಸತ್ತಿನಲ್ಲಿ ಮಂಡಿಸಿದರೂ ಜಾಲತಾಣದಲ್ಲಿ ಹಾಕುವುದು ನಿಂತಿತು. ಗುಂಡುಗಳ ಸಂಖ್ಯೆ ಶತ್ರುವಿಗೆ ತಿಳಿಯಬಾರದು ಎಂದರೆ ಒಪ್ಪುತ್ತೇನೆ. ಆದರೆ ಬೂಟು, ಕನ್ನಡಕ, ಊಟದ ಪುಟಗಳನ್ನು ಆ ಹುಡುಗರ ತಂದೆತಾಯಿ ಓದುವಂತಿರಬೇಕು. ಇಲಾಖೆಯಲ್ಲಿ ಈಗಲೂ ಇರುವ ಗೆಳೆಯರು ಫೋನು ಮಾಡಿದಾಗಲೆಲ್ಲ ನಾನು ಇದನ್ನೇ ಕೇಳುತ್ತೇನೆ, ಬೇಸರವಾದರೂ ಅವರು ಕೇಳಿಸಿಕೊಳ್ಳುತ್ತಾರೆ.