ಮನೆಯಲ್ಲಿ ಕಾರು ಚಾರ್ಜ್: ವೋಲ್ಟೇಜ್ ಲೆಕ್ಕವನ್ನು ಎಐನಿಂದ ಮಾಡಿಸುವುದು ಹೇಗೆ?

‘ಮನೆಯಲ್ಲೇ ಕಾರು ಚಾರ್ಜ್ ಮಾಡಬಹುದೇ?’ ಎಂದಷ್ಟೇ ಎಐ ಅನ್ನು ಕೇಳಿದರೆ ಬರುವುದು ಊರಿಗೆಲ್ಲ ಒಂದೇ ಉತ್ತರ. ಹುಬ್ಬಳ್ಳಿಯಲ್ಲಿ ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಪಕ್ಕದ ಮನೆಗೂ ಹಾವೇರಿಯ ಹೊಸ ಬಡಾವಣೆಯ ಕೊನೇ ಕಂಬದ ಮನೆಗೂ ಅದು ಹೊಂದುವುದಿಲ್ಲ. ನಿಮ್ಮ ಮನೆಯ ಅಂಕಿ ಕೊಟ್ಟು ಕೇಳಿ.

ಮೊದಲು ಎಲೆಕ್ಟ್ರಿಷಿಯನ್‌ನಿಂದ ಕ್ಲ್ಯಾಂಪ್ ಮೀಟರ್‌ನಲ್ಲಿ ವೋಲ್ಟೇಜ್ ಮತ್ತು ಆಂಪಿಯರ್ ಅಳತೆ ಮಾಡಿಸಿ: ಮೇನ್ ಬೋರ್ಡ್‌ನಲ್ಲೊಮ್ಮೆ, ಚಾರ್ಜಿಂಗ್ ಸಾಕೆಟ್‌ನಲ್ಲೊಮ್ಮೆ, ಚಾರ್ಜರ್ ಬಂದ್ ಇದ್ದಾಗ ಮತ್ತು ಚಾಲೂ ಆಗಿ ಐದು ನಿಮಿಷದ ಬಳಿಕ. ಸಂಜೆ 7ರಿಂದ 10ರೊಳಗೆ ಒಂದು ಸಲ, ರಾತ್ರಿ 11ರ ನಂತರ ಇನ್ನೊಂದು ಸಲ.

ಆಮೇಲೆ ಹೀಗೆ ಕೇಳಿ: ‘230 ವೋಲ್ಟ್, ಸಿಂಗಲ್ ಫೇಸ್, ಭಾರತ. ಅಂಕಿಗಳು ಇವು. ವೋಲ್ಟೇಜ್ ಇಳಿತ ಮನೆಯೊಳಗೆ ಎಷ್ಟು, ಹೊರಗೆ ಎಷ್ಟು? ದೊಡ್ಡ ಚಾರ್ಜರ್ ಹಾಕಿ 32 ಆಂಪಿಯರ್ ಎಳೆದರೆ ಎಷ್ಟಾಗುತ್ತದೆ? ಲೆಕ್ಕದ ಪ್ರತಿ ಹಂತ ತೋರಿಸು.’ ಕರೆಂಟ್ ಬಿಲ್‌ನ ಆರ್‌ಆರ್ ಸಂಖ್ಯೆ, ವಿಳಾಸ ಕೊಡುವ ಅಗತ್ಯವಿಲ್ಲ.

ಒಂದು ಉದಾಹರಣೆ. ಚಾರ್ಜರ್ ಬಂದ್ ಇದ್ದಾಗ ಎರಡೂ ಕಡೆ 232 ವೋಲ್ಟ್. 14 ಆಂಪಿಯರ್ ಎಳೆದಾಗ ಮೇನ್ ಬೋರ್ಡ್‌ನಲ್ಲಿ 228, ಸಾಕೆಟ್‌ನಲ್ಲಿ 221. ಹೊರಗೆ ಬಿದ್ದದ್ದು 4 ವೋಲ್ಟ್, ಮನೆಯೊಳಗೇ 7. ಈ 7 ವೋಲ್ಟ್ ಅನ್ನು 14ರಿಂದ ಗುಣಿಸಿದರೆ 98 ವ್ಯಾಟ್: ಅಷ್ಟೂ ಶಾಖ. ತಂತಿಯುದ್ದಕ್ಕೂ ಹಂಚಿದರೆ ತಂತಿ ತಾಳಿಕೊಳ್ಳುತ್ತದೆ. ಒಂದೇ ಸಡಿಲ ಸ್ಕ್ರೂನಲ್ಲಿ ಸೇರಿದರೆ ಸಾಕೆಟ್ ಕರಗುತ್ತದೆ. ಇಲ್ಲಿ ಬೇಕಾದದ್ದು 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ಲೈನ್, 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ಬಂದ್ ಆಗುವ ಸ್ವಿಚ್), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬಂದ್ ಆಗುವ ಸ್ವಿಚ್), ಒಳ್ಳೆಯ ಅರ್ಥಿಂಗ್. ಇಳಿತ ಹೆಚ್ಚಾಗಿ ಹೊರಗಿದ್ದರೆ ಅದೇ ಪಟ್ಟಿ ಹಿಡಿದು ಹೆಸ್ಕಾಂ ಶಾಖಾ ಕಚೇರಿಗೆ ಹೋಗಿ.

ಎಐ ಕಿಲೋವ್ಯಾಟ್ ಮತ್ತು ಯೂನಿಟ್ ಅದಲುಬದಲು ಮಾಡಬಹುದು, ಅಮೆರಿಕದ 120 ವೋಲ್ಟ್ ಹಿಡಿದು ಲೆಕ್ಕ ಹಾಕಬಹುದು. 30 ಯೂನಿಟ್ ಬ್ಯಾಟರಿ 3.3 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ತುಂಬಲು, ನಷ್ಟ ಸೇರಿ, 10 ಗಂಟೆ ಬೇಕು. ನಾಲ್ಕು ಗಂಟೆ ಎಂದರೆ ನಂಬಬೇಡಿ.

ಇನ್ನು ಬೀದಿಯ ಮಾತು. ಒಂದು ಕಾರಿನಿಂದ ದೇಶದ ಗ್ರಿಡ್‌ನ 50 ಹರ್ಟ್ಜ್ ಆವರ್ತನ ಅಲುಗದು. ಪೆಟ್ಟು ಬೀಳುವುದು ನಿಮ್ಮ ಟಿಸಿಗೆ. 63 ಕೆವಿಎ ಸಾಮರ್ಥ್ಯದ ಟಿಸಿಯನ್ನು ಮೂರು ಫೇಸ್‌ಗೆ ಹಂಚಿದರೆ ಒಂದು ಫೇಸ್‌ಗೆ ಸಿಗುವುದು 21 ಕೆವಿಎ, ಅಂದರೆ ಇಲ್ಲಿ ಸುಮಾರು 21 ಕಿಲೋವ್ಯಾಟ್. 7.2 ಕಿಲೋವ್ಯಾಟ್‌ನ ಮೂರು ಕಾರು ಒಂದೇ ಫೇಸ್‌ನಲ್ಲಿ ನಿಂತರೆ 21.6: ಮನೆಗಳ ದೀಪ, ಫ್ರಿಜ್ ಸೇರಿಸುವ ಮುನ್ನವೇ ಮಿತಿ ದಾಟಿತು. ಅಕ್ಕಪಕ್ಕದವರ ಫೇಸ್, ಚಾರ್ಜಿಂಗ್ ವೇಳೆ ಕೇಳಿ ಬರೆದು ಎಐನಿಂದ ಸರದಿ ಹಾಕಿಸಿ. ಕರೆಂಟ್ ಹೋಗಿ ಬಂದಾಗ ಎಲ್ಲ ಚಾರ್ಜರ್‌ಗಳೂ ಒಟ್ಟಿಗೆ ಎಳೆಯುತ್ತವೆ. ಆ್ಯಪ್‌ನಲ್ಲಿ ವಿಳಂಬದ ಆಯ್ಕೆ ಇದ್ದರೆ ಒಬ್ಬರು 5, ಮತ್ತೊಬ್ಬರು 15, ಇನ್ನೊಬ್ಬರು 25 ನಿಮಿಷ ಇಟ್ಟುಕೊಳ್ಳಿ.