ಹಂಚಿಕೊಂಡ ತರಕಾರಿ ಗದ್ದೆಗೆ ಕಾಡುಮೊಲ ನುಗ್ಗದಂತೆ ಬೇಲಿ ಕಟ್ಟುವುದು ಹೇಗೆ?

ಸುಗ್ಗಿಹಬ್ಬ ಹುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ ಕೊಡಗಿನ ಹಲವೆಡೆ, ನೀರಿನ ಆಸರೆಯಿರುವ ಗದ್ದೆಗಳಲ್ಲಿ ತರಕಾರಿ ಹಾಕುವುದುಂಟು. ಸ್ವಸಹಾಯ ಸಂಘದ ಸದಸ್ಯೆಯರೋ ನೆರೆಹೊರೆಯ ನಾಲ್ಕಾರು ಮನೆಯವರೋ ಒಂದೇ ಗದ್ದೆಯನ್ನು ಪಾಲು ಮಾಡಿಕೊಂಡು ಬೀನ್ಸ್, ಅಲಸಂದೆ, ಕೋಸು ಬೆಳೆಯುವಲ್ಲಿ, ಸಸಿ ನಾಲ್ಕೆಲೆ ಬಿಡುವ ಹೊತ್ತಿಗೆ ಕಾಡುಮೊಲದ ಕಾಟ ಶುರುವಾಗುತ್ತದೆ. ಬೇಸಿಗೆ ಹತ್ತಿರವಾಗಿ ಬಾಣೆಯ, ಅಂದರೆ ಗದ್ದೆಗೆ ಹೊಂದಿಕೊಂಡ ಎತ್ತರದ ಜಮೀನಿನ, ಹುಲ್ಲು ಒಣಗಿದಂತೆಲ್ಲ, ದಿನವೂ ನೀರುಂಡು ಹಸಿರಾಗಿರುವ ಪಾತಿಗಳೇ ಅವಕ್ಕೆ ಸುಲಭದ ಮೇವು.

ಬೇಲಿಗೆ ಹಣ ಹಾಕುವ ಮುನ್ನ, ತಿಂದದ್ದು ಮೊಲವೇ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಹೋಗಿ, ತುಂಡಾದ ದಂಟನ್ನು ಕೈಯಲ್ಲಿ ಹಿಡಿದು ನೋಡಿ. ಮೊಲದ ಮೇಲ್ದವಡೆಯಲ್ಲೂ ಕೆಳದವಡೆಯಲ್ಲೂ ಹರಿತವಾದ ಬಾಚಿಹಲ್ಲುಗಳಿರುವುದರಿಂದ, ಅದು ಕಡಿದ ದಂಟು ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣ್ಣಗಿರುತ್ತದೆ. ಜಿಂಕೆ ಮತ್ತು ಕಾಡುಕುರಿಗಳಿಗೆ (ಬೊಗಳುವ ಜಿಂಕೆ) ಮೇಲ್ಭಾಗದಲ್ಲಿ ಬಾಚಿಹಲ್ಲು ಇಲ್ಲ. ಅವು ಎಳೆದು ಹರಿಯುವುದರಿಂದ ದಂಟಿನ ತುದಿಯಲ್ಲಿ ನಾರು ಜೋತಾಡುತ್ತಿರುತ್ತದೆ. ಮಣ್ಣು ಉತ್ತಂತೆ ಬುಡಮೇಲಾಗಿದ್ದರೆ ಅದು ಹಂದಿಯ ಕೆಲಸ. ಎಲೆಯಲ್ಲಿ ತೂತುಗಳಿದ್ದು ಪಕ್ಕದಲ್ಲಿ ಲೋಳೆಯ ಗೆರೆ ಹೊಳೆಯುತ್ತಿದ್ದರೆ ಬಸವನಹುಳು ಬಂದಿದೆ ಎಂದರ್ಥ. ಬಸವನಹುಳುವಿನ ಕಾಟ ಕಂಡಿರುವ ಶನಿವಾರಸಂತೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಬದುವಿನ ಮೇಲೆ ಗೋಲಿಯಂತೆ ಉರುಟಾದ, ಹುಲ್ಲಿನ ಹುಡಿ ಕಾಣುವ ಒಣ ಹಿಕ್ಕೆಗಳು ಬಿದ್ದಿದ್ದರೆ ಅನುಮಾನ ಬೇಡ.

ನಮ್ಮಲ್ಲಿರುವುದು ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯಿರುವ ಕಾಡುಮೊಲ. ಇದು ಯುರೋಪಿನ ಮೊಲದಂತೆ ಬಿಲ ತೋಡುವುದಿಲ್ಲ. ಹಗಲೆಲ್ಲ ಹುಲ್ಲಿನ ಅಥವಾ ಲಂಟಾನದ ಮರೆಯಲ್ಲಿ ನೆಲವನ್ನು ತುಸು ತಗ್ಗು ಮಾಡಿಕೊಂಡು ಮಲಗಿದ್ದು, ಮುಸ್ಸಂಜೆಯಿಂದ ನಸುಕಿನವರೆಗೆ ಮೇಯುತ್ತದೆ. ಹೀಗಾಗಿ ವಿದೇಶದ ಕೈಪಿಡಿಗಳು ಹೇಳುವಂತೆ ಜಾಲರಿಯನ್ನು ಒಂದಡಿ ಆಳಕ್ಕೆ ಹೂಳುವ ಶ್ರಮ ಇಲ್ಲಿ ವ್ಯರ್ಥವೆಂದೇ ನನ್ನ ಅಭಿಪ್ರಾಯ. ನಾವು ತಡೆಯಬೇಕಾದುದು ಬೇಲಿಯಡಿಯ ಸಂದಿನಲ್ಲಿ ತಲೆ ತೂರಿಸಿ ನುಸುಳುವುದನ್ನು.

ಬೇಲಿಯನ್ನು ಪಾಲುಪಾಲಿಗೆ ಪ್ರತ್ಯೇಕವಾಗಿ ಕಟ್ಟದೆ ಇಡೀ ಗದ್ದೆಗೆ ಒಂದೇ ಆವರಣವಾಗಿ ಕಟ್ಟುವುದು ಲೇಸು. 30 ಮೀಟರ್ ಉದ್ದ, 20 ಮೀಟರ್ ಅಗಲದ ಗದ್ದೆಗೆ ಸುತ್ತಳತೆ 100 ಮೀಟರ್ ಮಾತ್ರ. ಅದನ್ನೇ 10 ಮೀಟರ್ ಉದ್ದ, 5 ಮೀಟರ್ ಅಗಲದ 12 ಪಾಲುಗಳಾಗಿಸಿ ಒಬ್ಬೊಬ್ಬರೂ ಬೇಲಿ ಹಾಕಿಕೊಂಡರೆ ಒಟ್ಟು 360 ಮೀಟರ್ ಜಾಲರಿ ಬೇಕಾಗುತ್ತದೆ. ಗದ್ದೆಯ ಅಂಚಿನ ಪಾಲಿನವರೇ ಹೆಚ್ಚು ಖರ್ಚು ಹೊರಬೇಕೆಂಬ ವಾದ ಎಲ್ಲೆಡೆಯೂ ಏಳುತ್ತದೆ. ಮೊಲ ಅಂಚಿನಲ್ಲೇ ನಿಲ್ಲುವ ಪ್ರಾಣಿಯಲ್ಲವಾದ್ದರಿಂದ ಖರ್ಚನ್ನು ಸಮನಾಗಿ ಹಂಚಿಕೊಳ್ಳುವುದೇ ನ್ಯಾಯ.

ಕೋಳಿಗೂಡಿಗೆ ಬಳಸುವ, ಒಂದು ಇಂಚಿನ ಕಣ್ಣಿರುವ, ನಾಲ್ಕು ಅಡಿ ಅಗಲದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಂತಿ ಜಾಲರಿ ಇದಕ್ಕೆ ಸಾಕು. ಮೊದಲು ಗದ್ದೆಯ ಸುತ್ತ ಮೂರು ನಾಲ್ಕು ಮೀಟರ್ ಅಗಲಕ್ಕೆ ಪೊದೆ ಸವರಿ ಬಯಲು ಮಾಡಬೇಕು, ಏಕೆಂದರೆ ಮರೆಯಿಲ್ಲದ ಜಾಗವನ್ನು ದಾಟಲು ಮೊಲ ಹಿಂಜರಿಯುತ್ತದೆ. ಅನಂತರ ಎರಡೆರಡು ಮೀಟರಿಗೆ ಒಂದರಂತೆ ಬಿದಿರಿನ ಗೂಟವನ್ನೋ ತೋಟದ ನೆರಳುಮರಗಳ ಕೊಂಬೆ ಸವರುವ ಮರಗಸಿಯಲ್ಲಿ ಸಿಕ್ಕ ಗಟ್ಟಿ ಕೊಂಬೆಯನ್ನೋ ನೆಡಬೇಕು. ಜಾಲರಿಯ ಕೆಳಗಿನ ಎಂಟು ಇಂಚನ್ನು ಹೊರಮುಖವಾಗಿ, ಅಂದರೆ ಮೊಲ ಬರುವ ದಿಕ್ಕಿಗೆ, ಮಡಚಿ ನೆಲದ ಮೇಲೆ ಹಾಸಿ, ಮೊಳದುದ್ದಕ್ಕೊಂದು ಕೊಕ್ಕೆಗೂಟ ಹೊಡೆದು, ಮೇಲೆ ಹುಲ್ಲುಹೆಂಟೆ ಅಥವಾ ಕಲ್ಲು ಹೇರಬೇಕು. ಬೇಲಿಯ ಬುಡಕ್ಕೆ ಬಂದು ಕೆರೆಯುವ ಮೊಲ ತಾನೇ ಆ ಮಡಿಕೆಯ ಮೇಲೆ ನಿಂತಿರುತ್ತದೆ. ನಿಂತ ಜಾಲರಿ ಸುಮಾರು ಒಂದು ಮೀಟರ್ ಎತ್ತರ ಉಳಿಯುತ್ತದೆ. ಮೇವಿಗೆ ಬಂದ ಮೊಲಕ್ಕೆ ಅಷ್ಟು ಅಡ್ಡಿ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಮೊಲ ಬಂದರೆ ಎರಡು ಜಾಗಗಳನ್ನು ನೋಡಬೇಕು. ಒಂದು, ನೀರು ಒಳಬರುವ ಮತ್ತು ಹೊರಹೋಗುವ ತೋಡು. ಅಲ್ಲಿ ಜಾಲರಿಯ ತುಂಡೊಂದನ್ನು ಚೌಕಟ್ಟಿಗೆ ಬಿಗಿದು ಇಳಿಸಿಟ್ಟು, ಸಿಕ್ಕಿಕೊಂಡ ಕಸವನ್ನು ಆಗಾಗ ತೆಗೆಯಬೇಕು. ಇನ್ನೊಂದು ತಡಮೆ, ಅಂದರೆ ಬೇಲಿಯಲ್ಲಿ ಹೋಗಿಬರಲು ಇಟ್ಟ ಬಾಗಿಲು. ಅದರಡಿ ಎರಡು ಬೆರಳಿಗಿಂತ ಹೆಚ್ಚು ಸಂದು ಇರದಂತೆ ಹಲಗೆ ಅಥವಾ ಚಪ್ಪಡಿ ಕೂರಿಸಬೇಕು, ಸಂಜೆ ಕೊನೆಯದಾಗಿ ಹೊರಡುವವರು ಅದನ್ನು ಹಾಕಿದ್ದಾರೆಯೇ ಎಂದು ನೋಡಲು ಸರದಿ ಗೊತ್ತುಮಾಡಿಕೊಳ್ಳಬೇಕು.

ಬೇವಿನೆಣ್ಣೆ, ಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯಗಳ ವಾಸನೆ ಕೆಲವು ದಿನ ಕೆಲಸ ಮಾಡೀತು, ಆದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಒಂದು ಬಿದ್ದರೆ ತೊಳೆದುಹೋಗುತ್ತದೆ. ಹಳೆ ಸೀರೆ ಕಟ್ಟುವುದೂ ಅಷ್ಟೇ. ನೈಲಾನ್ ಬಲೆಯನ್ನಂತೂ ಬಳಸಬಾರದು. ಮೊಲ ಅದನ್ನು ಕಡಿದು ಒಳಬರುತ್ತದೆ, ಕೇರೆಹಾವು ಮಾತ್ರ ಸಿಕ್ಕಿಕೊಂಡು ಸಾಯುತ್ತದೆ.

ಉರುಲು ಹಾಕುವುದು, ವಿಷ ಇಡುವುದು, ಗುಂಡು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಕೋವಿಯ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದೇ ಹೊರತು ಬೇಟೆಗೆ ಕೊಟ್ಟ ಒಪ್ಪಿಗೆಯಲ್ಲ. ಮನೆಯ ವಿದ್ಯುತ್ ಲೈನಿನಿಂದ ಬೇಲಿಗೆ ಕರೆಂಟು ಕೊಡುವುದು ಮನುಷ್ಯರ ಜೀವಕ್ಕೇ ಅಪಾಯ. ಪೊದೆ ಸವರುವಾಗ ಕಣ್ಣುಬಿಟ್ಟ, ಮೈತುಂಬ ಕೂದಲಿರುವ ಮರಿಗಳು ಕಂಡರೆ ತಬ್ಬಲಿಗಳೆಂದು ಎತ್ತಿಕೊಳ್ಳಬಾರದು. ತಾಯಿ ಹಗಲಿನಲ್ಲಿ ದೂರವಿದ್ದು ಕತ್ತಲಾದ ಮೇಲೆ ಹಾಲೂಡಿಸಲು ಬರುವುದೇ ಅವುಗಳ ರೂಢಿ. ಆ ಪೊದೆಯನ್ನು ಕೆಲವು ವಾರ ಹಾಗೆಯೇ ಬಿಡುವುದು ಒಳ್ಳೆಯದು.

ಮುಂಗಾರು ಹಿಡಿದು ಗದ್ದೆ ಉಳುವ ಮೊದಲು ಜಾಲರಿಯನ್ನು ಬಿಚ್ಚಿ, ಮಣ್ಣು ತೊಳೆದು, ಒಣಗಿಸಿ, ಸುರುಳಿ ಸುತ್ತಿ ಅಟ್ಟಕ್ಕೇರಿಸಿದರೆ ಮರುವರ್ಷಕ್ಕೂ ಬರುತ್ತದೆ. ತುಕ್ಕು ಮೊದಲು ಹಿಡಿಯುವುದು ನೆಲಕ್ಕೆ ಹಾಸಿದ ಆ ಎಂಟು ಇಂಚಿಗೇ ಆದ್ದರಿಂದ, ಸುತ್ತುವಾಗ ಅಲ್ಲಿ ಹರಿದ ಕಣ್ಣುಗಳನ್ನು ಬೈಂಡಿಂಗ್ ವೈರ್‌ನಿಂದ ಹೆಣೆದಿಡಬೇಕು.