ಹಡಗಿನ ಹೆಸರು ಹಿಡಿದು ಕಿಟ್ ಹುಡುಕಬೇಡಿ

ಬಿಡಿಭಾಗ ಅಂಟಿಸಿ ಹಡಗಿನ ಪುಟ್ಟ ಮಾದರಿ ಕಟ್ಟುವ ಕಿಟ್ ಮಾರುವ ಅಂಗಡಿಯಲ್ಲಿ ‘ಐಎನ್‌ಎಸ್ ದೆಹಲಿ ಕಿಟ್ ಇದೆಯಾ’ ಎಂದು ಕೇಳಿ, ಇಲ್ಲ ಅನ್ನಿಸಿಕೊಂಡು, ಕೊನೆಗೆ ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕ್ ಡಬ್ಬಿ ಹೊತ್ತು ಮನೆಗೆ ಬರುವವರನ್ನು ಎಷ್ಟೋ ಸಲ ನೋಡಿದ್ದೇನೆ. ಕಿಟ್ ಕಂಪನಿಗಳಿಗೆ ನಾಲ್ಕೈದು ದೊಡ್ಡ ದೇಶಗಳ ಹಡಗುಗಳೇ ಪ್ರಪಂಚ. ಉಳಿದವರ ಹಡಗು ಬೇಕೆಂದರೆ ಹುಡುಕುವ ದಾರಿಯೇ ಬೇರೆ.

ಮೊದಲು ಹಡಗಿನ ಜಾತಕ ತೆಗೆಯಿರಿ. ಯಾರು ಕಟ್ಟಿದ್ದು, ಯಾವ ದರ್ಜೆ, ಹಿಂದಿನ ಹೆಸರೇನು? 1948ರಲ್ಲಿ ಭಾರತಕ್ಕೆ ಬಂದ ದೆಹಲಿ ಅದಕ್ಕೂ ಮುಂಚೆ ಅಕಿಲೀಸ್ ಎಂಬ ಬ್ರಿಟಿಷ್ ಯುದ್ಧನೌಕೆ ಆಗಿತ್ತು. ಅದರ ಸೋದರಿ ಹಡಗು, ಅಂದರೆ ಅದೇ ದರ್ಜೆಯ ಇನ್ನೊಂದು ಹಡಗು, ಅಜಾಕ್ಸ್‌ನ ಕಿಟ್ಟನ್ನು ಏರ್‌ಫಿಕ್ಸ್ ಕಂಪನಿ 1/600ರಲ್ಲಿ (ಅಸಲಿಗಿಂತ 600 ಪಟ್ಟು ಚಿಕ್ಕದಾಗಿ) ಮಾಡಿದೆ. ಅದೇ ಕಂಪನಿಯ ಅಮೆಜಾನ್ ಕೊಂಡರೆ ಪಾಕಿಸ್ತಾನದ ಬಾಬರ್ ಕೈಗೆ ಬಂದಂತೆ. ಬ್ರಿಟನ್ 1993–94ರಲ್ಲಿ ಪಾಕಿಸ್ತಾನಕ್ಕೆ ಮಾರಿದ ಆರು ಟೈಪ್ 21 ಫ್ರಿಗೇಟುಗಳಲ್ಲಿ (ಮಧ್ಯಮ ಗಾತ್ರದ ಯುದ್ಧನೌಕೆಗಳಲ್ಲಿ) ಅಮೆಜಾನೂ ಒಂದು, ಅಲ್ಲಿ ಅದರ ಹೆಸರು ಬಾಬರ್ ಆಯಿತು.

ಎರಡನೆಯದು ಸ್ಕೇಲ್. ಹೊಸಬರಿಗೆ 1/700 ಬೇಡವೇ ಬೇಡ. ಸುಮಾರು 39 ಮೀಟರ್ ಉದ್ದದ ಕ್ಷಿಪಣಿ ದೋಣಿ ಅದರಲ್ಲಿ ಐದೂವರೆ ಸೆಂಟಿಮೀಟರ್!

ಕೆಲಸ ಕೆಡುವುದು ಮೂರನೇ ಹಂತದಲ್ಲಿ. ಸೋದರಿ ಹಡಗು ಅಂದಮಾತ್ರಕ್ಕೆ ಅವಳಿ ಅಲ್ಲ. 1943ರ ಜನವರಿಯಲ್ಲಿ ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪದ ಬಳಿ ಅಕಿಲೀಸ್‌ನ ಹಿಂಬದಿಯ ಫಿರಂಗಿ ಗೋಪುರದ ಮೇಲೆ ಬಾಂಬು ಬಿತ್ತು. ಆಮೇಲಿನ ರಿಪೇರಿಯಲ್ಲಿ ಆ ಗೋಪುರವನ್ನೇ ತೆಗೆದುಹಾಕಿದರು. ಹಾಗಾಗಿ ದೆಹಲಿಗೆ ಮೂರೇ ಗೋಪುರ, ಆರೇ ಫಿರಂಗಿ. ಅಜಾಕ್ಸ್ ಕಿಟ್‌ನಲ್ಲಿರುವ ನಾಲ್ಕನ್ನೂ ಅಂಟಿಸಿ ಕೂತರೆ ಅದು ದೆಹಲಿಯಲ್ಲ. ವಿಮಾನವೂ ಬೇಡ, ಅದನ್ನು ಚಿಮ್ಮಿಸುವ ಕೆಟಪಲ್ಟೂ ಬೇಡ. ಕೂವೆಮರಗಳನ್ನು ಮುಕ್ಕಾಲಿಯಂತೆ ಹೊಸದಾಗಿ ಕಟ್ಟಬೇಕು.

ಇನ್ನೊಂದು ಉದಾಹರಣೆ ನಮ್ಮ ಕಾರವಾರದಲ್ಲೇ ಇದೆ. ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಪಲ್, ಸೋವಿಯತ್ ಒಸಾ-2 ಮಾದರಿಯ ಕ್ಷಿಪಣಿ ದೋಣಿ. ‘ಐ ಲವ್ ಕಿಟ್’ ಹೆಸರಿನ ಕಂಪನಿ 1/72ರಲ್ಲಿ ಒಸಾ-1, ಒಸಾ-2 ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಮಾರುತ್ತದೆ, ಜನ ಕಣ್ಣುಮುಚ್ಚಿ ಯಾವುದೋ ಒಂದನ್ನು ಎತ್ತಿಕೊಳ್ಳುತ್ತಾರೆ. ಕ್ಷಿಪಣಿ ಗೂಡು ನೋಡಿ: ಚೌಕ ಪೆಟ್ಟಿಗೆಯಂತಿದ್ದರೆ ಒಸಾ-1, ದುಂಡನೆಯ ಕೊಳವೆಯಾದರೆ ಒಸಾ-2. 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾತ್, ವೀರ್ ಬೇಕಾದವರು ಮೊದಲನೆಯದನ್ನೇ ಕೊಳ್ಳಬೇಕು. ಕಾರವಾರಕ್ಕೆ ಹೋದರೆ ಗೂಡುಗಳ ಫೋಟೊವನ್ನು ಪಕ್ಕದಿಂದ, ಹಿಂದಿನಿಂದ, ಒಂದು ಅಡಿಕೋಲು ಜೊತೆಗಿಟ್ಟು ತೆಗೆಯಿರಿ. ಮ್ಯೂಸಿಯಂ ಹಡಗಿನ ಬಣ್ಣವನ್ನು ಮಾತ್ರ ನಂಬಬೇಡಿ, ಅದಕ್ಕೆ ಸೇವೆಯಲ್ಲಿದ್ದಾಗಿನ ಫೋಟೊವೇ ಆಧಾರ.

ಹಾಗಂತ ಎಲ್ಲ ವ್ಯತ್ಯಾಸಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಏರ್‌ಫಿಕ್ಸ್‌ನ ಲಿಯಾಂಡರ್ ಫ್ರಿಗೇಟಿನ ಅಸಲಿ ಹಡಗು 41 ಅಡಿ ಅಗಲ, ನಮ್ಮ ಹಳೆಯ ನೀಲಗಿರಿ 43. 1/600ರಲ್ಲಿ ಅದು ಒಂದೇ ಮಿಲಿಮೀಟರ್, ಬಿಟ್ಟುಬಿಡಿ. ಆದರೆ ಅದೇ ಕಿಟ್‌ನಲ್ಲಿ ತಾರಾಗಿರಿ, ವಿಂಧ್ಯಗಿರಿ ಮಾಡಹೊರಟರೆ ಸೀ ಕಿಂಗ್ ಹೆಲಿಕಾಪ್ಟರಿನ ದೊಡ್ಡ ಹ್ಯಾಂಗರನ್ನು ನೀವೇ ಕಟ್ಟಬೇಕು.

ಕೊಳ್ಳುವ ಮುಂಚೆ ಸ್ಕೇಲ್‌ಮೇಟ್ಸ್ ತಾಣದಲ್ಲಿ ಆ ಕಿಟ್‌ನ ಅಚ್ಚು ಯಾವ ಕಾಲದ್ದೆಂದು ನೋಡಿ. ಡಬ್ಬಿಯ ಚಿತ್ರ ಹೊಸದು, ಒಳಗಿನ ಪ್ಲಾಸ್ಟಿಕ್ ಐವತ್ತು ವರ್ಷ ಹಳೆಯ ಅಚ್ಚಿನದು ಎಂಬುದು ಈ ವ್ಯಾಪಾರದಲ್ಲಿ ಮಾಮೂಲು. ಪ್ಲಾಸ್ಟಿಕ್‌ನಲ್ಲಿ ಸಿಗದಿದ್ದರೆ ರಷ್ಯಾದ ಕೊಂಬ್ರಿಗ್‌ನಂಥ ಕಂಪನಿಗಳ ರೆಸಿನ್ (ಅಚ್ಚಿಗೆ ಹುಯ್ದು ಗಟ್ಟಿಯಾಗಿಸಿದ ರಾಳ) ಕಿಟ್ ನೋಡಬಹುದು. ರೆಸಿನ್ ಉಜ್ಜುವಾಗ ಮಾಸ್ಕ್ ಹಾಕಿ, ಎಮರಿ ಪೇಪರನ್ನು ನೀರಲ್ಲಿ ಅದ್ದಿಯೇ ಉಜ್ಜಿ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ನಿಮಗೆ ಬೇಕಾದ ಹಡಗಿನ ನಂಬರಿನ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಮುದ್ರಣ) ಕಿಟ್ ಜೊತೆ ಬರುವುದು ಅಪರೂಪ. ಡೆಕಾಲ್ ಪೇಪರ್ ಮೇಲೆ ಮನೆಯಲ್ಲೇ ಮುದ್ರಿಸಬಹುದು. ಸಾಮಾನ್ಯ ಪ್ರಿಂಟರಿನಲ್ಲಿ ಬಿಳಿ ಬಣ್ಣ ಬರುವುದಿಲ್ಲ, ಬಿಳಿ ಅಂಕಿಗಳನ್ನು ಹೊರಗೆ ಮಾಡಿಸಿ. ಇಂಕ್‌ಜೆಟ್ ಆದರೆ ನೀರಿಗೆ ಹಾಕುವ ಮುಂಚೆ ಎರಡು ಕೈ ವಾರ್ನಿಷ್ ಹೊಡೆದು ಚೆನ್ನಾಗಿ ಒಣಗಿಸಿ, ಇಲ್ಲವಾದರೆ ಶಾಯಿಯೆಲ್ಲ ಬಟ್ಟಲಿನಲ್ಲೇ ಕರಗಿಹೋಗುತ್ತದೆ.